ದೊಡ್ಡಪ್ಪನ ವ್ಯಾನು, ದೊಡ್ಡಮ್ಮನ ಕಿವಿ

ನನ್ನ ದೊಡ್ಡಪ್ಪನದು ಗಾಜಿನ ಕೆಲಸ. ಕಿಟಕಿ, ಬಾಗಿಲು, ಅಂಗಡಿಗಳ ಮುಂಭಾಗ, ಎಲ್ಲಿ ಕರೆದರೆ ಅಲ್ಲಿಗೆ ಹೋಗಿ ಅಳೆದು, ಕತ್ತರಿಸಿ, ಕೂರಿಸಿ ಬರುವುದು. ಊರಿನವರ ಬಾಯಲ್ಲಿ ಅವರು ಗಾಜಿನಣ್ಣ, ದೊಡ್ಡಮ್ಮ ಗಾಜಿನಕ್ಕ. ಶಿಕ್ಷಕಿಯ ತರಬೇತಿಗೆಂದು ನಾನು ಅವರ ಮನೆಯಲ್ಲಿದ್ದೆ. ನನ್ನ ಕೋಣೆ ಅವರ ಶೆಡ್ಡಿನ ಮೇಲೆಯೇ ಇದ್ದದ್ದರಿಂದ ಕೆಳಗೆ ನಡೆಯುವ ಮಾತು, ಜಗಳ, ಗಾಜು ಮುರಿಯುವ ಸದ್ದು ಎಲ್ಲವೂ ನನ್ನ ಓದಿನ ಜೊತೆಗೇ ನಡೆಯುತ್ತಿತ್ತು.

ದೊಡ್ಡಪ್ಪನ ಕಿವಿಯ ಬಗ್ಗೆ ಊರಲ್ಲಿ ದೊಡ್ಡ ಹೆಸರಿತ್ತು. ಹೊಸ ಗಾಜು ಬಂದರೆ ಅದನ್ನು ನೆಟ್ಟಗೆ ನಿಲ್ಲಿಸಿ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದರು. ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕಿದ್ದರೂ ಅವರಿಗೆ ತಿಳಿಯುತ್ತಿತ್ತು. "ಇದು ಹಾಡ್ತಿದೆ, ಒಳಗಿಡು. ಇದು ಕೆಮ್ಮುತ್ತಿದೆ, ವಾಪಸ್ ಕಳಿಸು" ಎನ್ನುತ್ತಿದ್ದರು. ಕತ್ತರಿಸುವಾಗಲೂ ಅವರು ಗೆರೆಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕಟರಿನ ಚಕ್ರ ಗಾಜಿನ ಮೇಲೆ ಒಂದೇ ಸಮನೆ ಸರ್‍ರೆಂದು ಓಡಿದರೆ ಗಾಜು ಬೆಣ್ಣೆಯಂತೆ ಎರಡಾಗುತ್ತದೆ; ನಡುವೆ ಸದ್ದು ತಪ್ಪಿದರೆ ಅಲ್ಲೇ ಅಡ್ಡ ಒಡೆಯುತ್ತದೆ. ಇದು ಅವರು ನನಗೆ ಹೇಳಿಕೊಟ್ಟ ಪಾಠ.

ಇದೇ ಕಿವಿ ಅವರ ವ್ಯಾನಿಗೂ ಕಾವಲಿತ್ತು. ಅದು ನನಗಿಂತ ಹಿರಿಯ ವಯಸ್ಸಿನ ಗಾಡಿ. ಎಂಜಿನ್ ಹಿಂಬದಿಯಲ್ಲಿ, ನೀರಿನ ಹಂಗಿಲ್ಲ, ಒಳಗಿನ ಫ್ಯಾನು ಬೀಸುವ ಗಾಳಿಯಿಂದಲೇ ಅದು ತಣ್ಣಗಾಗಬೇಕು. ಪಕ್ಕಕ್ಕೆ ಗಾಜು ನಿಲ್ಲಿಸಲು ಮರದ ಚೌಕಟ್ಟು, ಅದಕ್ಕೆ ಹಳೆಯ ಕಂಬಳಿಯ ಪಟ್ಟಿ. "ನಮ್ಮದು ಗಾಳಿ ಕುಡಿದು ಬದುಕೋ ಗಾಡಿ" ಎಂದು ದೊಡ್ಡಪ್ಪ ಹೆಮ್ಮೆಯಿಂದ ಹೇಳಿದರೆ, "ಗಾಳಿ ಅದಕ್ಕೆ, ದುಡಿಮೆಯೆಲ್ಲ ಅದರ ಪೆಟ್ರೋಲಿಗೆ" ಎಂದು ದೊಡ್ಡಮ್ಮ ಸೇರಿಸುತ್ತಿದ್ದರು. ಆಕೆ ಪಕ್ಕದ ಸೀಟು ಬಿಟ್ಟವರಲ್ಲ. ಗಾಜಿನ ಅಂಚಿಗೆ ಮೆತ್ತುವ ಪುಟ್ಟಿಯನ್ನು ಅಗಸೆ ಎಣ್ಣೆ ಹಾಕಿ ಕಲಸುವುದು, ಗಾಜಿನ ಇನ್ನೊಂದು ತುದಿ ಹಿಡಿಯುವುದು, ಗಿರಾಕಿಗಳ ಮನೆಯವರನ್ನೆಲ್ಲ ಮಾತಾಡಿಸುವುದು ಆಕೆಯ ಪಾಲು. ದೊಡ್ಡಪ್ಪ ನಾಲ್ಕು ಮಾತಾಡುವಷ್ಟರಲ್ಲಿ ಆಕೆ ನಾಲ್ಕು ಮನೆಯ ಸುದ್ದಿ ಮುಗಿಸಿರುತ್ತಿದ್ದರು.

ಆ ವರ್ಷ ಸೀಸ ಬೆರೆಸಿದ ಪೆಟ್ರೋಲನ್ನು ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂತು. ಸೀಸದ ಹೊಗೆ ಮಕ್ಕಳ ಮೈಗೆ, ಬುದ್ಧಿಗೆ ಕೆಟ್ಟದ್ದು ಎಂದು ನಮ್ಮ ತರಬೇತಿಯಲ್ಲೂ ಹೇಳಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಿದಾಗ ದೊಡ್ಡಪ್ಪ, "ಮಕ್ಕಳಿಗೆ ಒಳ್ಳೇದಾಗೋದಾದ್ರೆ ಬೇಡ ಅನ್ನೋಕಾಗುತ್ತಾ?" ಎಂದರು. ಆಮೇಲೆ ಮೆತ್ತಗೆ, "ಆದ್ರೆ ನನ್ನ ಗಾಡಿ ಗತಿ?" ಎಂದರು.

ಅವರ ಆ ಭಯಕ್ಕೆ ಊರೆಲ್ಲ ಎಣ್ಣೆ ಸುರಿಯಿತು. ಕ್ಷೌರದಂಗಡಿಯಲ್ಲಿ ಒಬ್ಬ ಹೇಳಿದ, "ಹಳೇ ಎಂಜಿನ್ನಿಗೆ ಸೀಸ ಅಂದ್ರೆ ಮುದುಕರ ಕೈಕೋಲು ಇದ್ದ ಹಾಗೆ. ಕಿತ್ಕೊಂಡ್ರೆ ಬಿದ್ದೇ ಬೀಳ್ತಾರೆ." ಟಯರಿನವನು ಇನ್ನೂ ಮುಂದೆ ಹೋಗಿ, ವಾಲ್ವುಗಳು ಒಂದೊಂದಾಗಿ ಸುಟ್ಟುಹೋಗುತ್ತವೆ ಎಂದು ಸಾವಿನ ಮನೆಯ ದನಿಯಲ್ಲಿ ವಿವರಿಸಿದ. ಗಾಜಿನ ವಿಷಯದಲ್ಲಿ ಅಷ್ಟು ಚುರುಕಾಗಿದ್ದ ದೊಡ್ಡಪ್ಪನ ಕಿವಿ ಈ ವಿಷಯದಲ್ಲಿ ಹಿತ್ತಾಳೆಯಾಗಿಬಿಟ್ಟಿತು. ಹಳೆಯ ಪೆಟ್ರೋಲ್ ಸಿಗುವಷ್ಟು ದಿನ ಕ್ಯಾನುಗಳಲ್ಲಿ ತಂದು ಶೆಡ್ಡಿನ ಮೇಜಿನ ಕೆಳಗೆ ಬಚ್ಚಿಡತೊಡಗಿದರು. ಪುಟ್ಟಿಯ ಎಣ್ಣೆ ತೆಗೆಯಲು ಬಗ್ಗಿದ ದೊಡ್ಡಮ್ಮನ ಕಣ್ಣಿಗೆ ಅದು ಬಿತ್ತು.

"ಒಂದು ಕಿಡಿ ಬಿದ್ರೆ ಏನ್ರೀ ಗತಿ? ಮೇಲೆ ಹುಡುಗಿ ಮಲಗಿರ್ತಾಳೆ. ಗಾಡಿ ಉಳಿಸೋಕೆ ಹೋಗಿ ಮನೆ ಸುಟ್ಕೋತೀರಾ?"

ಕ್ಯಾನುಗಳೆಲ್ಲ ವ್ಯಾನಿನ ಹೊಟ್ಟೆ ಸೇರಿದವು. ಕೆಲವು ವಾರಗಳಲ್ಲಿ ಅದೂ ಮುಗಿಯಿತು.

ಮುಗಿದ ದಿನ ಅವರು ವ್ಯಾನನ್ನು ನನ್ನ ಸೋದರಮಾವನ ಗ್ಯಾರೇಜಿಗೆ ಕೊಂಡೊಯ್ದರು. ಮಾವ ದೊಡ್ಡಮ್ಮನ ಕೊನೆಯ ತಮ್ಮ. ಬಾಯಲ್ಲಿ ಸದಾ ಒಂದು ಬೆಂಕಿಕಡ್ಡಿ, ಕೈಯಲ್ಲಿ ಸದಾ ಒಂದು ಬಟ್ಟೆಚೂರು. ಹೊಸ ಎಂಜಿನ್ನು, ಹಳೆ ಎಂಜಿನ್ನು ಎರಡನ್ನೂ ಬಲ್ಲವನು, ಗಾಳಿಮಾತಿಗೆ ಬಗ್ಗುವವನಲ್ಲ.

"ಭಾವ, ಸೀಸ ಎರಡು ಕೆಲಸ ಮಾಡ್ತಿತ್ತು" ಎಂದ ಅವನು. "ಒಂದು, ವಾಲ್ವ್ ಕೂರೋ ಜಾಗ ಸವೆಯದ ಹಾಗೆ ನೋಡ್ಕೊಳ್ತಿತ್ತು. ಇನ್ನೊಂದು, ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯದ ಹಾಗೆ ತಡೀತಿತ್ತು. ಮೊದಲನೇದಕ್ಕೆ ನೀವು ಹೆದರಬೇಡಿ. ನಿಮ್ಮ ಎಂಜಿನ್ನಿನ ತಲೆ ಅಲ್ಯೂಮಿನಿಯಂದು, ಮೆತ್ತಗಿರುತ್ತೆ. ಅದಕ್ಕೇ ವಾಲ್ವ್ ಕೂರೋ ಕಡೆ ಗಟ್ಟಿ ಉಕ್ಕಿನ ಬಳೆ ಹಾಕಿರ್ತಾರೆ. ಅದು ಅಷ್ಟು ಸುಲಭಕ್ಕೆ ಸವೆಯಲ್ಲ. ಸವೆದ್ರೂ ವಾಲ್ವಿನ ಸಂದು ಕಮ್ಮಿ ಆಗ್ತಾ ಬರುತ್ತೆ, ಅದರಿಂದಲೇ ತಿಳಿಯುತ್ತೆ. ಎಂಜಿನ್ ತಣ್ಣಗಿದ್ದಾಗ ಆಗಾಗ ಅಳೆದು ನೋಡ್ತಿದ್ರೆ ಸಾಕು."

"ಎರಡನೇದಕ್ಕೆ?"

"ಅದಕ್ಕೆ ಟೈಮಿಂಗ್ ಒಂಚೂರು ಹಿಂದಕ್ಕೆ ಇಡ್ತೀನಿ, ಕಿಡಿ ಸ್ವಲ್ಪ ತಡವಾಗಿ ಬೀಳಲಿ. ಆಮೇಲೆ ದಿಬ್ಬ ಹತ್ತುವಾಗ ಕಿವಿಗೊಟ್ಟು ಕೇಳಿ. ಹಿಂದಿನಿಂದ ಚಿಟಚಿಟ ಅಂತ ನಾಕಿಂಗ್, ಅಂದ್ರೆ ಆ ಸಿಡಿಯೋ ಸದ್ದು, ಬಂದ್ರೆ ತಕ್ಷಣ ನನಗೆ ಹೇಳಿ."

"ಕಿವಿ ವಿಷಯ ನನಗೆ ಹೇಳಿಕೊಡಬೇಡಪ್ಪಾ" ಎಂದು ದೊಡ್ಡಪ್ಪ ನಕ್ಕರು.

ಆದರೆ ಆ ಹೊತ್ತಿಗಾಗಲೇ ಶೆಡ್ಡಿನಲ್ಲಿ ಬೇರೆಯೇ ಒಂದು ಸಂಗತಿ ನಡೆದಿತ್ತು. ಗಾಜು ಅಡ್ಡಾದಿಡ್ಡಿ ಒಡೆಯತೊಡಗಿತ್ತು. ದೊಡ್ಡಪ್ಪ ಮೊದಲು ಕಟರನ್ನು ಬೈದರು, ಹೊಸ ಕಟರು ತಂದರು. ಆಮೇಲೆ ಗಾಜಿನ ಕಾರ್ಖಾನೆಯವರನ್ನು ಬೈದರು. ಒಮ್ಮೆ ಅವರು ತಟ್ಟಿ, "ಹಾಡ್ತಿದೆ" ಎಂದು ಒಳಗಿಟ್ಟ ಗಾಜು ಗಿರಾಕಿಯ ಕಿಟಕಿಯಲ್ಲಿ ಕೂರಿಸುವಾಗಲೇ ಮೂಲೆಯಿಂದ ಮೂಲೆಗೆ ಸೀಳಿತು. ಆಮೇಲಿಂದ ದೊಡ್ಡಮ್ಮ ಹೊಸದೊಂದು ಅಭ್ಯಾಸ ಮಾಡಿಕೊಂಡರು. ದೊಡ್ಡಪ್ಪ ತಟ್ಟಿ ಒಳಗಿಡು ಎಂದ ಕೆಲವು ಗಾಜುಗಳನ್ನು, "ಇದರಲ್ಲಿ ಗುಳ್ಳೆ ಇದೆ ಕಣ್ರೀ", "ಇದರ ಅಂಚು ಸರಿಯಿಲ್ಲ" ಎಂದು ಏನಾದರೊಂದು ನೆಪ ತೆಗೆದು ಪಕ್ಕಕ್ಕಿಡುತ್ತಿದ್ದರು. ಮೇಲಿನ ಕಿಟಕಿಯಿಂದ ನಾನು ನೋಡುತ್ತಿದ್ದೆ. ಒಮ್ಮೆ ಇಳಿದು ಹತ್ತಿರದಿಂದ ನೋಡಿದರೂ ಗುಳ್ಳೆ ನನಗಂತೂ ಕಾಣಲಿಲ್ಲ. ಆಕೆಗೆ ಗುಳ್ಳೆಯ ಚಾಳಿ ಹಿಡಿದಿದೆ ಎಂದುಕೊಂಡು ಸುಮ್ಮನಾದೆ.

ವ್ಯಾನಿನಲ್ಲಿ ಮಾತ್ರ ಆಕೆಯ ನೆಪ ನಡೆಯಲಿಲ್ಲ. ಊರಾಚೆ ಒಂದು ಉದ್ದನೆಯ ಏರು ಇತ್ತು. ಅದನ್ನು ಹತ್ತುವಾಗ ಒಂದು ದಿನ ಆಕೆ ಮಾತು ನಿಲ್ಲಿಸಿ, "ಹಿಂದುಗಡೆ ಏನೋ ಸದ್ದು ಬರ್ತಿದೆ. ಡಬ್ಬಿಯೊಳಗೆ ಸಣ್ಣ ಮೊಳೆ ಅಲ್ಲಾಡಿಸಿದ ಹಾಗೆ" ಎಂದರು.

"ಅದು ಚೌಕಟ್ಟಿನ ತಿರುಪು."

"ತಿರುಪು ಪಕ್ಕದಲ್ಲಿದೆ. ಸದ್ದು ಹಿಂದಿದೆ."

"ನಲವತ್ತು ವರ್ಷದಿಂದ ಗಾಜು ತಟ್ಟಿದ ಕಿವಿ ಇದು. ಎಂಜಿನ್ ಸದ್ದು ಯಾವುದು, ತಿರುಪಿನ ಸದ್ದು ಯಾವುದು ಅಂತ ನನಗೆ ಗೊತ್ತಾಗಲ್ವಾ?"

ಆಕೆ ಮನೆಗೆ ಬಂದು ಚೌಕಟ್ಟಿನ ತಿರುಪುಗಳನ್ನೆಲ್ಲ ತಾವೇ ಬಿಗಿ ಮಾಡಿದರು. ಮರುದಿನವೂ ಸದ್ದು ಬಂತು.

ಇತ್ತ ದೊಡ್ಡಪ್ಪನಿಗೆ ವ್ಯಾನು ಏರಿನಲ್ಲಿ ಮೊದಲಿನಂತೆ ಎಳೆಯುತ್ತಿಲ್ಲ ಎನ್ನಿಸತೊಡಗಿತು. ಟೈಮಿಂಗ್ ಹಿಂದಕ್ಕಿಟ್ಟರೆ ಎಳೆತ ಸ್ವಲ್ಪ ಕುಗ್ಗುವುದು ಸಹಜ, ಅದನ್ನು ಮಾವ ಮೊದಲೇ ಹೇಳಿದ್ದ. ಆದರೆ ತಡೆಯಲಾರದೆ ಅವರು ತಮ್ಮ ಹಳೆಯ ವಿದ್ಯೆ ತೆಗೆದರು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೈಯಿಂದ ಒಂದಿಷ್ಟು ಮುಂದಕ್ಕೆ ತಿರುಗಿಸುವುದು, ಏರು ಹತ್ತಿ ನೋಡುವುದು, ನಾಕಿಂಗ್ ಕೇಳಿಸಿದರೆ ಕೂದಲೆಳೆಯಷ್ಟು ಹಿಂದಕ್ಕೆ ತರುವುದು. ಹರೆಯದಿಂದಲೂ ಅವರು ಹಾಗೆಯೇ ಮಾಡುತ್ತಿದ್ದರು, ಎಂದೂ ತಪ್ಪಿರಲಿಲ್ಲ. ಈ ಸಲ ಮುಂದಕ್ಕೆ ತಿರುಗಿಸಿದರು, ಏರು ಹತ್ತಿದರು, ಏನೂ ಕೇಳಿಸಲಿಲ್ಲ. ಇನ್ನಷ್ಟು ತಿರುಗಿಸಿದರು. ಆಗಲೂ ಕೇಳಿಸಲಿಲ್ಲ. ವ್ಯಾನು ಚುರುಕಾಗಿ ಎಳೆಯಿತು. "ನೋಡಿದ್ಯಾ? ಸೀಸ ಇಲ್ದಿದ್ರೇನು, ನನ್ನ ಕೈ ಇದೆ" ಎಂದು ವ್ಯಾನಿಗೇ ಹೇಳಿದರಂತೆ. ದೊಡ್ಡಮ್ಮ ಆ ದಿನ ಗೆಳತಿಯ ಮಗಳ ಬಾಣಂತನಕ್ಕೆ ಸಹಾಯ ಮಾಡಲು ಅವರ ಮನೆಗೆ ಹೋಗಿದ್ದರು. ಪಕ್ಕದ ಸೀಟು ಖಾಲಿ ಇತ್ತು.

ಬಟ್ಟೆಯಂಗಡಿಯೊಂದರ ದೊಡ್ಡ ಗಾಜನ್ನು ಹೊತ್ತು ಹೋಗುತ್ತಿದ್ದಾಗ ಅದೇ ಏರಿನಲ್ಲಿ ವ್ಯಾನು ಕೈಕೊಟ್ಟಿತು. ರಜೆಯ ದಿನವಾದ್ದರಿಂದ ಅಂದು ನಾನೂ ಹಿಂದೆ ಕೂತಿದ್ದೆ. ದೊಡ್ಡಮ್ಮ ಮುಂದೆ. ಏರಿನ ಬುಡದಿಂದಲೇ ಮೊಳೆಡಬ್ಬಿಯ ಸದ್ದು ಶುರುವಾಯಿತು. ನನಗೂ ಕೇಳಿಸಿತು. ದೊಡ್ಡಮ್ಮ ಎರಡು ಸಲ, "ನಿಧಾನ, ನಿಧಾನ" ಎಂದರು. ದೊಡ್ಡಪ್ಪ ರಸ್ತೆ ನೋಡುತ್ತಾ ನೆಮ್ಮದಿಯಿಂದ ಆಕ್ಸಿಲರೇಟರ್ ಒತ್ತಿಯೇ ಇದ್ದರು. ಏರಿನ ನಡುವೆ ಎಂಜಿನ್ನು ದಡದಡ ಎಂದಿತು, ಬಲ ಇಳಿಯಿತು, ಹಿಂದಿನಿಂದ ನೀಲಿ ಹೊಗೆ ಎದ್ದಿತು. ಅವರು ಜಾಣತನದಿಂದ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದರು. ಗಾಜಿಗೆ ಏನೂ ಆಗಲಿಲ್ಲ. ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಹೊಗೆಯನ್ನೇ ನೋಡುತ್ತಾ ನಿಂತರು.

"ಮುಗೀತು. ವಾಲ್ವುಗಳನ್ನ ತಿಂದು ಹಾಕ್ತು ನಿಮ್ಮ ಹೊಸ ಪೆಟ್ರೋಲು" ಎಂದು ನಮ್ಮಿಬ್ಬರತ್ತ ತಿರುಗಿ ಹೇಳಿದರು. ಅದನ್ನು ಕಂಡುಹಿಡಿದವರು ನಾವೇ ಎಂಬಂತೆ.

ಮಾವ ಬಂದು ವ್ಯಾನನ್ನು ಗ್ಯಾರೇಜಿಗೆ ಎಳೆದೊಯ್ದ. ಮರುದಿನ ಎಂಜಿನ್ ಕೆಳಗಿಳಿಸಿ ಬಿಚ್ಚುವಾಗ ನಾವು ಮೂವರೂ ಅಲ್ಲಿದ್ದೆವು. ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ಮಾವ ಎಂಜಿನ್ನಿನ ತಲೆಯನ್ನು ತಿರುಗಿಸಿಟ್ಟು, ವಾಲ್ವುಗಳನ್ನು ಒಂದೊಂದಾಗಿ ಹೊರತೆಗೆದು ಬಟ್ಟೆಯಿಂದ ಒರೆಸಿದ. ಉಕ್ಕಿನ ಬಳೆಗಳು ಬೆಳಕಿಗೆ ಮಿರಿಮಿರಿ ಮಿಂಚಿದವು.

"ಇಲ್ಲಿ ನೋಡಿ ಭಾವ. ಒಂದು ಬಳೆಗೂ ಏನೂ ಆಗಿಲ್ಲ."

"ಮತ್ತೆ?"

ಮಾವ ಒಂದು ಪಿಸ್ಟನ್ ಎತ್ತಿ ತೋರಿಸಿದ. ಎಣ್ಣೆ ತಣಿಸುವ ಪೆಟ್ಟಿಗೆಯ ಮರೆಯಲ್ಲಿ ಗಾಳಿ ಕಡಿಮೆ ತಾಗುವ ಸಿಲಿಂಡರಿನದು ಅದು. ಅದರ ನೆತ್ತಿ ಗೆದ್ದಲು ತಿಂದ ಹಲಗೆಯಂತೆ ಗುಳಿಗುಳಿಯಾಗಿತ್ತು. ಒಂದು ಅಂಚು ಕರಗಿಯೇ ಹೋಗಿತ್ತು.

"ಇದು ನಾಕಿಂಗ್ ಕೆಲಸ. ಟೈಮಿಂಗ್ ನಾನಿಟ್ಟ ಕಡೆ ಇಲ್ಲ, ತುಂಬ ಮುಂದಕ್ಕೆ ಹೋಗಿದೆ. ಭಾವ, ಇದು ಒಂದು ದಿನದ್ದಲ್ಲ. ಬಹಳ ದಿನದಿಂದ ಬಡ್ಕೊಳ್ತಾ ಇರಬೇಕು. ನಿಮಗೆ ಕೇಳಿಸಲಿಲ್ವಾ?"

ದೊಡ್ಡಪ್ಪ ಆ ಪಿಸ್ಟನ್ನನ್ನು ಕೈಗೆ ತೆಗೆದುಕೊಂಡು, ಗುಳಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಅವರಿಗೆ ಹೇಗೋ ಕೇಳಿಸಬೇಕು?" ಎಂದರು ದೊಡ್ಡಮ್ಮ. "ನಾನು ಪಕ್ಕದಲ್ಲಿ ಕೂತು ಊರಿನ ಪುರಾಣವೆಲ್ಲ ಹೇಳ್ತಿರ್ತೀನಿ. ನನ್ನ ಬಾಯಿ ಮುಂದೆ ಎಂಜಿನ್ ಸದ್ದು ಯಾವ ಲೆಕ್ಕ? ತಪ್ಪು ನಂದೇ."

ಮಾವ ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ. ಬಾಯಲ್ಲಿದ್ದ ಬೆಂಕಿಕಡ್ಡಿಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದ. "ಹೌದು ಬಿಡಕ್ಕ, ನಿನ್ನ ಬಾಯಿ ಇರೋದೇ ಹಾಗೆ" ಎಂದು ಕೆಲಸಕ್ಕೆ ಬಗ್ಗಿದ.

ಮನೆಗೆ ಬಂದ ದೊಡ್ಡಪ್ಪ ನೇರವಾಗಿ ಶೆಡ್ಡಿಗೆ ಹೋದರು. ಊಟಕ್ಕೂ ಬರಲಿಲ್ಲ. ಮಧ್ಯಾಹ್ನ ಶೆಡ್ಡಿನಿಂದ ಗಾಜು ತಟ್ಟುವ ಸದ್ದು ಕೇಳಿ ನಾನು ಇಣುಕಿದೆ. ಗೋಡೆಗೆ ಒರಗಿಸಿದ ಗಾಜುಗಳನ್ನು ಅವರು ಒಂದೊಂದಾಗಿ ತಟ್ಟುತ್ತಿದ್ದರು. ತಟ್ಟಿ ಕಿವಿಯನ್ನು ಗಾಜಿಗೆ ಒತ್ತುತ್ತಿದ್ದರು. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದು ಹೇಗಿದೆ?" ಎಂದರು ದೊಡ್ಡಪ್ಪ, ತಿರುಗದೆ.

"ಚೆನ್ನಾಗಿದೆ."

"ಇದು?"

"ಅದು ಕೆಮ್ಮುತ್ತೆ ಕಣ್ರೀ."

ಮತ್ತೆ ತಟ್ಟಿದರು. ಇನ್ನೊಮ್ಮೆ ತಟ್ಟಿದರು. "ನನಗೆ ಎರಡೂ ಒಂದೇ ಥರ ಕೇಳಿಸ್ತಿದೆ" ಎಂದು ಸ್ಟೂಲಿನ ಮೇಲೆ ಕುಸಿದು ಕೂತರು. ಆಮೇಲೆ ತಲೆಯೆತ್ತಿ ಕೇಳಿದರು, "ಗುಳ್ಳೆ ಅಂತಿದ್ಯಲ್ಲ, ಅದೆಲ್ಲ ಸುಳ್ಳಾ?"

"ಅಷ್ಟೂ ಸುಳ್ಳಲ್ಲ. ಒಂದರಲ್ಲಿ ನಿಜವಾಗ್ಲೂ ಗುಳ್ಳೆ ಇತ್ತು."

"ಹಾಗಾದ್ರೆ ನಿನಗೆ ಮೊದಲೇ ಗೊತ್ತಿತ್ತು. ನೇರವಾಗಿ ಹೇಳಬಾರದಿತ್ತಾ?"

"ಹೇಳಿದ್ದೆ ಕಣ್ರೀ, ಎಷ್ಟೋ ಸಲ. ನಿಮಗೆ ಕೇಳಿಸಲಿಲ್ಲ."

ಆಕೆ ತಮಾಷೆಗೆ ಹೇಳಿರಲಿಲ್ಲ. ಹೇಳಿದ ಮೇಲೆ ಆಕೆಗೂ ಅರ್ಥವಾಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ದೊಡ್ಡಪ್ಪ ಸಿಟ್ಟಾಗುತ್ತಾರೆಂದು ನಾನು ಹೆದರಿದೆ. ಅವರು ತಲೆ ತಗ್ಗಿಸಿ, ಹೆಗಲು ಕುಣಿಯುವಂತೆ ನಗತೊಡಗಿದರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ಅದು ಬರೀ ನಗುವಿನ ನೀರಾಗಿರಲಿಲ್ಲ. ನಾನು ಸದ್ದಿಲ್ಲದೆ ಮೆಟ್ಟಿಲು ಹತ್ತಿ ಹೋದೆ.

ಅವರು ಆ ಪೆಟ್ರೋಲಿಗೆ ಯಾಕೆ ಅಷ್ಟು ಹೆದರಿದ್ದರೆಂದು ಆಮೇಲೆ ನಾನು ಬಹಳ ಸಲ ಯೋಚಿಸಿದ್ದೇನೆ. ಗಾಜು ಅಡ್ಡ ಒಡೆಯತೊಡಗಿದಾಗಲೇ ಅವರ ಮನಸ್ಸಿನ ಯಾವುದೋ ಮೂಲೆಗೆ ಸಂಶಯ ಬಂದಿರಬೇಕು. ಹೊರಗಿನಿಂದ ಬಂದ ಕೇಡಾದರೆ ಬೈದು ಹಗುರಾಗಬಹುದು. ಒಳಗಿನಿಂದಲೇ ಕಳಚಿಕೊಳ್ಳುತ್ತಿರುವುದನ್ನು ಯಾರಿಗೆ ಬೈಯುವುದು? ವಯಸ್ಸಾದಂತೆ ಮೊದಲು ಹೋಗುವುದು ಸಣ್ಣ, ಚೂಪು ಸದ್ದುಗಳಂತೆ. ಗಾಜಿನ ಹಾಡು, ಕಟರಿನ ಸರ್‍ರೆನ್ನುವ ದನಿ, ನಾಕಿಂಗಿನ ಚಿಟಚಿಟ, ಎಲ್ಲವೂ ಆ ಜಾತಿಯವೇ. ಜನರ ಮಾತು ಚೆನ್ನಾಗಿಯೇ ಕೇಳಿಸುತ್ತಿದ್ದುದರಿಂದ ಆ ಸಂಶಯವನ್ನು ಅವರು ಸುಲಭವಾಗಿ ಬದಿಗೆ ತಳ್ಳಿರಬೇಕು.

ಮಾವ ಹೊಸ ಪಿಸ್ಟನ್ನು, ಸಿಲಿಂಡರುಗಳನ್ನು ಹಾಕಿ ಎಂಜಿನ್ ಕೂರಿಸಿದ. ಈ ಸಲ ಟೈಮಿಂಗ್ ಇಡಲು ಮಿನುಗುವ ಲೈಟೊಂದನ್ನು ತಂದ. ತಿರುಗುವ ಚಕ್ರದ ಮೇಲಿನ ಗುರುತು ಆ ಬೆಳಕಿನಲ್ಲಿ ನಿಂತಂತೆ ಕಾಣುತ್ತದೆ. ಎಲ್ಲಿರಬೇಕೋ ಅಲ್ಲಿದೆಯೇ ಎಂದು ಕಣ್ಣಿಂದಲೇ ನೋಡಬಹುದು.

"ತೀರಾ ಹಿಂದಕ್ಕಿಟ್ರೂ ಬಿಸಿ ಆಗುತ್ತೆ, ಮುಂದಕ್ಕಿಟ್ರೂ ಬಡಿಯುತ್ತೆ. ಗುರುತು ಬಿಟ್ಟು ಆಚೀಚೆ ಹೋಗ್ಬೇಡಿ ಭಾವ" ಎಂದ.

ದೊಡ್ಡಪ್ಪ ಬಗ್ಗಿ ಆ ಗುರುತನ್ನು ಬಹಳ ಹೊತ್ತು ನೋಡಿದರು. "ಕಣ್ಣಿನ ಕೆಲಸ ಆಗ್ಹೋಯ್ತು ಇದು" ಎಂದರು. ಆಮೇಲೆ, "ಆದ್ರೂ ಏರು ಹತ್ತಿ ಒಂದ್ಸಲ ಕೇಳಲೇಬೇಕು. ಎಲ್ಲಿ, ನಿಮ್ಮಕ್ಕನ್ನ ಕರಿ" ಎಂದರು.

ಏರಿನಲ್ಲಿ ದೊಡ್ಡಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಆಕೆಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಒಂದು ಕೈಯನ್ನು ಗಂಡನ ತೋಳಿನ ಮೇಲಿಟ್ಟಿದ್ದರು. ಸದ್ದು ಬಂದರೆ ತಟ್ಟಬೇಕು, ಬರದಿದ್ದರೆ ಸುಮ್ಮನಿರಬೇಕು ಎಂಬ ಒಪ್ಪಂದ. ಅರ್ಧ ಏರಿನಲ್ಲಿ ದೊಡ್ಡಪ್ಪ ಮೂರನೇ ಗೇರಿನಲ್ಲೇ ಜಗ್ಗಿಸಿ ಎಳೆಸತೊಡಗಿದಾಗ ಆಕೆ ಒಮ್ಮೆ ತಟ್ಟಿದರು. ಅವರು ತಕ್ಷಣ ಗೇರು ಇಳಿಸಿದರು. ಆಕೆ ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. ಏರಿನ ನೆತ್ತಿ ತಲುಪಿದ್ದೇ, "ಇನ್ನು ಮಾತಾಡಬಹುದಾ?" ಎಂದು ಕೇಳಿದರು.

ಅದೇ ಅವರ ಮುಂದಿನ ವರ್ಷಗಳ ಓಡಾಟದ ರೀತಿಯಾಯಿತು. ಏರು ಬಂದರೆ ಮೌನ, ತೋಳ ಮೇಲೆ ಕೈ. ಇಳಿಜಾರಿನಲ್ಲಿ ಊರ ಸುದ್ದಿ. ಶೆಡ್ಡಿನಲ್ಲಿ ಅವರು ತಟ್ಟುವುದು, ಆಕೆ ಕೇಳಿ ಹೇಳುವುದು. ಕತ್ತರಿಸುವ ಕಟರು ಮಾತ್ರ ನಿಧಾನವಾಗಿ ದೊಡ್ಡಮ್ಮನ ಕೈಗೆ ಬಂತು. ಇದು ಸುಲಭವಾಗಿ ಆದದ್ದಲ್ಲ. ದೊಡ್ಡಪ್ಪ ಹಲವು ದಿನ ಮುಖ ಊದಿಸಿಕೊಂಡಿದ್ದರು. ಗಿರಾಕಿಯೊಬ್ಬ, "ಏನಣ್ಣಾ, ಯಜಮಾನಿಕೆ ಬಿಟ್ಟುಕೊಟ್ರಾ?" ಎಂದು ಕೆಣಕಿದಾಗ ಎದ್ದು ಹೊರಟೇಹೋಗಿದ್ದರು. ಅರ್ಧ ದಾರಿ ನಡೆದು ಹಿಂತಿರುಗಿ ಬಂದು, "ಹೌದು, ಅವಳ ಕಿವಿ ನನ್ನದಕ್ಕಿಂತ ಚೆನ್ನಾಗಿದೆ. ಗಾಜು ಬೇಕೋ ಬೇಡ್ವೋ ಹೇಳು" ಎಂದರಂತೆ.

ಕಿವಿಗೆ ಹಾಕುವ ಯಂತ್ರವೂ ಬಂತು. ವ್ಯಾನಿನಲ್ಲಿ ಅದನ್ನು ಹಾಕಿಕೊಂಡರೆ ಎಂಜಿನ್ನಿನ ಫ್ಯಾನು ತಲೆಯೊಳಗೇ ತಿರುಗಿದಂತಾಗುತ್ತದೆ ಎಂದು ಅವರು ಅದನ್ನು ಜೇಬಿಗೆ ಹಾಕುತ್ತಿದ್ದರು. ಗಿರಾಕಿಗಳ ಮನೆಯಲ್ಲಿ ಹಾಕಿಕೊಳ್ಳುತ್ತಿದ್ದರು. ವಾಲ್ವಿನ ಸಂದನ್ನು ತಪ್ಪದೆ ಅಳೆಯುತ್ತಿದ್ದರು, ತಗಡಿನ ಪಟ್ಟಿ ಹಿಡಿದು, ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ. ಅದು ಬೆರಳಿನ ಕೆಲಸ, ಅದರಲ್ಲಿ ಅವರ ಸಮ ಯಾರೂ ಇರಲಿಲ್ಲ. ಸಂದು ಕಡಿಮೆಯಾದದ್ದೇ ಇಲ್ಲ. ಟಯರಿನವನಿಗೆ ಅದನ್ನು ಆಗಾಗ ನೆನಪಿಸಿ ಬರುತ್ತಿದ್ದರು.

ಹೊಸ ಪೆಟ್ರೋಲು ತೊಂದರೆ ಕೊಟ್ಟದ್ದು ಯಾರೂ ಎಣಿಸದ ಇನ್ನೊಂದು ಕಡೆ. ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ವ್ಯಾನು ಹತ್ತದೆ ನಿಂತು, "ಪೆಟ್ರೋಲ್ ವಾಸನೆ ಬರ್ತಿದೆ" ಎಂದರು. ದೊಡ್ಡಪ್ಪ ಈ ಸಲ ವಾದ ಮಾಡಲಿಲ್ಲ. ಹಿಂದಿನ ಬಾಗಿಲು ತೆರೆದು ನೋಡಿದರೆ ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಬಿರಿದು, ಎಂಜಿನ್ನಿನ ಮೇಲೆಯೇ ಜಿನುಗತೊಡಗಿತ್ತು. ಈಗಿನ ಪೆಟ್ರೋಲಿಗೆ ಹಳೆಯ ರಬ್ಬರು ತಡೆಯುವುದಿಲ್ಲ ಎಂದ ಮಾವ, ಇದ್ದಬದ್ದ ಪೈಪುಗಳನ್ನೆಲ್ಲ ಬದಲಾಯಿಸಿದ.

"ಮೂಗಾದ್ರೂ ನಿಮ್ಮದು ನೆಟ್ಟಗಿದೆ ಅಂದ್ಕೊಂಡಿದ್ದೆ" ಎಂದರು ದೊಡ್ಡಮ್ಮ.

"ಎಲ್ಲಾ ಎರಡೆರಡು ಯಾಕೆ ಬೇಕು? ಒಂದು ಮನೆಗೆ ಒಂದು ಮೂಗು ಸಾಕು" ಎಂದರು ದೊಡ್ಡಪ್ಪ.

ಮಂಡಿನೋವು ಬಂದು ದೊಡ್ಡ ಗಾಜುಗಳನ್ನು ಎತ್ತುವುದು ಆಗದಾದಾಗ ಅವರು ವ್ಯಾನನ್ನು ಗಿಡಗಳ ವ್ಯಾಪಾರ ಮಾಡುವ ಯುವತಿಯೊಬ್ಬಳಿಗೆ ಕೊಟ್ಟರು. ಕೊಳ್ಳುವ ಮುಂಚೆ ಅವಳು, "ಇಷ್ಟು ಹಳೇ ಎಂಜಿನ್ನಿಗೆ ಈಗಿನ ಪೆಟ್ರೋಲ್ ಆಗಿಬರುತ್ತಾ?" ಎಂದು ಅಳುಕುತ್ತ ಕೇಳಿದಳು. ದೊಡ್ಡಪ್ಪ ಅವಳನ್ನು ಕೂರಿಸಿಕೊಂಡು ಬಳೆಯಿಂದ ಹಿಡಿದು ಪೈಪಿನವರೆಗೆ ಎಲ್ಲ ವಿವರಿಸಿದರು. ತಮ್ಮ ಕಿವಿಯ ಕತೆಯನ್ನೂ ಒಂದಿಷ್ಟೂ ಮುಚ್ಚಿಡದೆ ಹೇಳಿದರು. ಕರಗಿದ ಅಂಚಿನ ಆ ಪಿಸ್ಟನ್ನನ್ನು ಕಪಾಟಿನಿಂದ ತೆಗೆದು ಅವಳ ಕೈಗಿತ್ತರು. ಅವಳು ಅದರ ಗುಳಿಗಳನ್ನು ಮುಟ್ಟಿ ನೋಡಿದಳು.

ಕಳೆದ ಸಲ ನಾನು ಹೋದಾಗ ಇಬ್ಬರೂ ಅಂಗಳದಲ್ಲಿ ಒಂದು ಹಳೆ ಕಿಟಕಿಯ ಚೌಕಟ್ಟನ್ನು ಅಡ್ಡ ಹಾಕಿಕೊಂಡು ಕೂತಿದ್ದರು. ನೆರೆಮನೆಯ ಸಣ್ಣ ಕೆಲಸವಂತೆ. ಆಕೆ ಕತ್ತರಿಸುತ್ತಿದ್ದರು, ಅವರು ಪುಟ್ಟಿ ನಾದುತ್ತಿದ್ದರು. ಯಾವುದೋ ಮದುವೆ ಮುರಿದುಬಿದ್ದ ಕತೆಯನ್ನು ಆಕೆ ಬಿಡದೆ ಹೇಳುತ್ತಿದ್ದರು. ಯಂತ್ರ ದೊಡ್ಡಪ್ಪನ ಕಿವಿಯಲ್ಲಿತ್ತು. ನಾನು ಬಂದದ್ದನ್ನು ಕಂಡು ಅವರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು: ಸ್ವಲ್ಪ ತಾಳು, ಕತೆ ಮುಗಿಯಲಿ.